ಹಳೆ ಗಾಡಿ ಓಡುತ್ತಿರಲಿ

ಹೊಸ ಗಾಡಿ ಕೊಳ್ಳುವವರು ಮೈಲೇಜ್ ಎಷ್ಟು ಅಂತ ಕೇಳುತ್ತಾರೆ. ಹಳೆ ಗಾಡಿ ಕೊಳ್ಳುವವರು ಆರ್‌ಸಿ ಇದೆಯಾ ಅಂತ ಕೇಳುತ್ತಾರೆ. ಅಷ್ಟರಲ್ಲಿ ಮನಸ್ಸು ಗಾಡಿಯನ್ನು ಕೊಂಡಾಗಿರುತ್ತದೆ. ಪ್ರಶ್ನೆ ಬರೀ ಮರ್ಯಾದೆಗೆ.

*

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ವಿನ್ಯಾಸ ಜೆಕೊಸ್ಲೊವಾಕಿಯಾದ್ದು, ಬಂಡವಾಳ ಇರಾನಿ ಮನೆತನದ್ದು, ಕೈಕೆಲಸ ಮೈಸೂರಿನವರದ್ದು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಅನ್ನುವ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ‘ಫಾರೆವರ್ ಬೈಕ್, ಫಾರೆವರ್ ವ್ಯಾಲ್ಯೂ’ ಎಂದು ಜಾಹೀರಾತಿನಲ್ಲಿ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಕಂಪನಿಯಿಂದ ಆಗಲಿಲ್ಲ. ಗಾಡಿಯಿಂದ ಆಯಿತು.

ಮುಚ್ಚಿಹೋದ ಕಾರ್ಖಾನೆಯ ಗಾಡಿಗೆ ಗ್ಯಾರಂಟಿ ಕೊಡುವವರು ಯಾರೂ ಇಲ್ಲ. ಇಟ್ಟುಕೊಂಡವನು ಗಾಡಿಯನ್ನೇ ಕಲಿತುಕೊಳ್ಳುವುದು ಅದಕ್ಕೆ.

*

ಅಪ್ಪನ ಗಾಡಿಯನ್ನು ರಿಸ್ಟೋರ್ ಮಾಡಿಸುವ ಮಗ ಅದನ್ನು ‘ಕ್ಲಾಸಿಕ್’ ಅನ್ನುತ್ತಾನೆ. ಅಪ್ಪನಿಗೆ ಅದು ಕ್ಲಾಸಿಕ್ ಆಗಿರಲಿಲ್ಲ. ಇದ್ದದ್ದು ಅದೊಂದೇ ಗಾಡಿ. ಕೈಯಲ್ಲಿ ನಾಲ್ಕು ಕಾಸು ಆಡಿದ್ದರೆ ಬೇರೆಯದನ್ನು ಕೊಳ್ಳುತ್ತಿದ್ದರು.

ಹಳೆಯ ವಸ್ತುವಿನ ಮೇಲೆ ಪ್ರೀತಿ ಇರುವವರಲ್ಲಿ ಎರಡು ಜಾತಿ. ಒಬ್ಬರಿಗೆ ಅದು ಇದ್ದ ಹಾಗೇ ಬೇಕು. ಇನ್ನೊಬ್ಬರಿಗೆ ಅದು ಎಂದೂ ಇರದಿದ್ದಷ್ಟು ಚೆನ್ನಾಗಿ ಬೇಕು. ಎರಡನೆಯವರ ಗಾಡಿ ಕಾರ್ಖಾನೆಯ ಗೇಟು ದಾಟಿದ ದಿನಕ್ಕಿಂತ ಇವತ್ತು ಹೆಚ್ಚು ಹೊಳೆಯುತ್ತಿರುತ್ತದೆ. ನೋಡಲು ಚೆಂದ. ಆದರೆ ಅದು 1968ರ ಗಾಡಿಯಲ್ಲ, ಕಳೆದ ವರ್ಷದ ಗಾಡಿ.

*

ಜೋಡಿಸುವುದನ್ನು ಯಾರಾದರೂ ಹೇಳಿಕೊಡಬಹುದು. ಬಿಚ್ಚುವುದು ಮಾತ್ರ ಕೈಗೇ ಗೊತ್ತಾಗಬೇಕು.

ನಲವತ್ತು ವರ್ಷ ಅಲುಗದ ಬೋಲ್ಟಿನ ಮುಂದೆ ಬಲ ಪ್ರದರ್ಶನ ಮಾಡಬೇಡಿ. ತಲೆ ಸವೆಯುತ್ತದೆ: ಮೊದಲು ಬೋಲ್ಟಿನದು, ಆಮೇಲೆ ನಿಮ್ಮದು. ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಆಗಲೂ ಜಗ್ಗದಿದ್ದರೆ ಸುತ್ತಲಿನ ಅಲ್ಯೂಮಿನಿಯಮ್ಮಿಗೆ ಬಿಸಿ ಕೊಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಬೋಲ್ಟಿನ ಹಿಡಿತ ಸಡಿಲವಾಗುತ್ತದೆ.

ಹಳೆ ಮೇಸ್ತ್ರಿಗಳು ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಪೇಪರ್ ಮೇಲೆ ಸಾಲಾಗಿ ಇಡುತ್ತಾರೆ. ಹೊಸಬರು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾರೆ. ಎರಡೂ ಸರಿಯೇ. ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು, ನೆನಪಿದೆ ಬಿಡಿ ಅನ್ನುವವರ ಹತ್ತಿರ ಗಾಡಿ ಬಿಡಬೇಡಿ.

ಜೋಡಿಸಿ ಮುಗಿದ ಮೇಲೆ ಒಂದು ವಾಷರ್ ಮಿಕ್ಕರೆ, ಗಾಡಿ ಹಗುರವಾಯಿತು ಅಂತ ನಗುವುದು ಗ್ಯಾರೇಜಿನ ಹಳೆ ಜೋಕು. ಮಿಕ್ಕಿದ್ದು ಕ್ರ್ಯಾಂಕ್ ಕೇಸಿನೊಳಗಿನ ವಾಷರ್ ಆಗಿದ್ದರೆ ಯಾರೂ ನಗುವುದಿಲ್ಲ.

*

ಜಾವಾದಲ್ಲಿ ಕಿಕ್ಕರ್ರೂ ಗೇರ್ ಲಿವರ್ರೂ ಒಂದೇ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಎಂಜಿನ್ ಎದ್ದ ಮೇಲೆ ಮುಂದಕ್ಕೆ ಮರಳಿಸಿದರೆ ಗೇರ್. ಗೇರ್ ಹಾಕುವಾಗ ಅದೇ ಲಿವರ್ ಒಳಗಿನಿಂದ ಕ್ಲಚ್ಚನ್ನೂ ಬಿಡಿಸುತ್ತದೆ. ಎಡಗೈ ಕ್ಲಚ್ ಹಿಡಿಯದಿದ್ದರೂ ಗೇರ್ ಬೀಳುತ್ತದೆ. ಒಂದು ಕಬ್ಬಿಣದ ತುಂಡಿಗೆ ಮೂರು ಕೆಲಸ. ಇವತ್ತು ಒಂದು ಕೆಲಸಕ್ಕೆ ಮೂರು ಸೆನ್ಸರ್.

ಚೈನನ್ನು ಪೂರ್ತಿ ಮುಚ್ಚುವ ಕವರ್ ಇದ್ದದ್ದು ಜಾವಾದ ಇನ್ನೊಂದು ಜಾಣತನ. ಧೂಳಿಲ್ಲ, ಮಳೆನೀರಿಲ್ಲ, ಪಂಚೆಗೆ ಮಸಿಯಿಲ್ಲ. ಸ್ಪೋರ್ಟ್ಸ್ ಗಾಡಿಯ ಗೀಳು ಬಂದ ಮೇಲೆ ಆ ಕವರನ್ನು ಬಿಚ್ಚಿ ಎಸೆದವರು ಬಹಳ. ಈಗ ಅದೇ ಕವರಿಗಾಗಿ ಭಾನುವಾರದ ಗುಜರಿ ಸಾಲುಗಳಲ್ಲಿ ಅಲೆಯುತ್ತಾರೆ.

ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಅಗತ್ಯವಿತ್ತೇ ಅಂತ ಕೇಳುವವರು ಜಾವಾವನ್ನು ಹಿಂದಿನಿಂದ ನೋಡಿಲ್ಲ.

*

ಕಿಡಿಯ ಹೊತ್ತು ನಿರ್ಧರಿಸುವ ಪಾಯಿಂಟನ್ನು ಸೆಟ್ ಮಾಡುವುದನ್ನು ಒಮ್ಮೆ ಹತ್ತಿರ ಕೂತು ನೋಡಬೇಕು. ಮೊದಲು ಪಾಯಿಂಟಿನ ಎರಡೂ ಮುಖಗಳನ್ನು ನಯವಾದ ಎಮರಿ ಕಾಗದದಲ್ಲಿ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಾರೆ. ಎಂಜಿನ್ ತಿರುಗಿಸಿ, ಪಾಯಿಂಟ್ ಪೂರ್ತಿ ತೆರೆದುಕೊಂಡ ಜಾಗದಲ್ಲಿ ನಿಲ್ಲಿಸಿ, ನಡುವೆ ಫೀಲರ್ ಗೇಜ್ ತೂರಿಸುತ್ತಾರೆ. ಅಂತರ 0.4 ಮಿ.ಮೀ. ಗೇಜ್ ಇಲ್ಲದ ಕಡೆ ಯಾರದೋ ವಿಸಿಟಿಂಗ್ ಕಾರ್ಡು. ಆಮೇಲೆ ಪ್ಲಗ್ಗಿನ ತೂತಿನೊಳಗೆ ಅಳತೆಕಡ್ಡಿ ಇಳಿಸಿ, ಪಿಸ್ಟನ್ ತುದಿ ಮುಟ್ಟಲು ಇನ್ನು ಕೆಲವೇ ಮಿಲಿಮೀಟರ್ ಇರುವಾಗ ಪಾಯಿಂಟ್ ಬಿಡುವ ಹಾಗೆ ಪ್ಲೇಟನ್ನು ಸರಿಸುತ್ತಾರೆ. ಪಾಯಿಂಟ್ ಬಿಡುವ ಆ ಕ್ಷಣ ಕಣ್ಣಿಗೆ ಕಾಣುವಂಥದ್ದಲ್ಲ. ಅದಕ್ಕೆ ಸಿಗರೇಟಿನ ತೆಳು ಕಾಗದವನ್ನು ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರುತ್ತಾರೆ. ಕಾಗದ ಜಾರಿತೋ, ಕಿಡಿ ಹಾರುವ ಕ್ಷಣ ಅದೇ. ಬಿಗಿ ಮಾಡು ಅಂತ ಹುಡುಗನಿಗೆ ಕಣ್ಣಲ್ಲೇ ಹೇಳುತ್ತಾರೆ.

ಕಿಡಿ ಬೇಗ ಬಿದ್ದರೆ ಕಿಕ್ಕರ್ ತಿರುಗಿ ಒದೆಯುತ್ತದೆ. ತಡವಾಗಿ ಬಿದ್ದರೆ ಎಂಜಿನ್ ಕಾದು ಏರಿನಲ್ಲಿ ಕೈಕೊಡುತ್ತದೆ. ಇದೆಲ್ಲ ಒಂದು ತೆಳು ಕಾಗದದ ತೀರ್ಮಾನ.

‘ಮೇಸ್ತ್ರಿ, ಪಾಯಿಂಟ್ ತೆಗೆದು ಇದಕ್ಕೂ ಎಲೆಕ್ಟ್ರಾನಿಕ್ ಸಿಡಿಐ ಹಾಕಿಬಿಡೋಣವಾ?’ ಅಂದ ಗಿರಾಕಿಗೆ ಸಿಕ್ಕ ಉತ್ತರ: ‘ಹಾಕೋಣ ಸಾರ್. ಪಾಯಿಂಟ್ ಹಾಳಾದ್ರೆ ರೋಡಲ್ಲೇ ಉಜ್ಕೊಂಡು ಮನೆಗೆ ಹೋಗ್ತೀರ. ಸಿಡಿಐ ಹಾಳಾದ್ರೆ ನನಗೆ ಫೋನ್ ಮಾಡ್ತೀರ. ನಂಗೇನೂ ತೊಂದ್ರೆ ಇಲ್ಲ.’

*

ಗಾಡಿಯ ಆರೋಗ್ಯ ಕೇಳಬೇಕಾದ್ದು ಮಾಲೀಕನನ್ನಲ್ಲ, ಪ್ಲಗ್ಗನ್ನು. ಹುರಿದ ಕಾಫಿ ಬೀಜದ ಬಣ್ಣವಿದ್ದರೆ ಎಲ್ಲ ನೆಟ್ಟಗಿದೆ. ಬಿಳುಪಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ, ಅಥವಾ ಪೆಟ್ರೋಲ್ ಸಾಲದು. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲೋ ಆಯಿಲ್ಲೋ ಹೆಚ್ಚಾಗಿದೆ.

ಪಿಸ್ಟನ್ ಇನ್ನೂ ಹೆಚ್ಚು ಹೇಳುತ್ತದೆ. ಮೈಮೇಲೆ ಉದ್ದುದ್ದ ಗೀರು ಇದ್ದರೆ ಒಂದು ದಿನ ಸೀಜ್ ಆಗಿದೆ. ರಿಂಗಿನ ಕೆಳಗೂ ಕಂದು ಮಸಿ ಇಳಿದಿದ್ದರೆ ರಿಂಗ್ ಸವೆದು ಉರಿದ ಗಾಳಿ ಕೆಳಗೆ ಸೋರುತ್ತಿದೆ. ‘ಒಬ್ಬರೇ ಓನರ್, ಡಾಕ್ಟರ್ ಓಡಿಸ್ತಿದ್ದ ಗಾಡಿ’ ಅಂತ ಮಾರಿದವರು ಹೇಳಿದ್ದನ್ನೆಲ್ಲ ಪಿಸ್ಟನ್ ಒಂದು ನಿಮಿಷದಲ್ಲಿ ಅಳಿಸಿಹಾಕುತ್ತದೆ.

ಬೋರ್ ಹೊಡೆಸುವುದು ಆಯುಸ್ಸನ್ನು ಖರ್ಚು ಮಾಡುವ ಕೆಲಸ. ಕಾಲು ಮಿಲಿಮೀಟರ್, ಅರ್ಧ, ಮುಕ್ಕಾಲು, ಒಂದು. ಒಂದೊಂದು ಸಲವೂ ಸಿಲಿಂಡರಿನ ಗೋಡೆ ಸವೆದು ಪಿಸ್ಟನ್ ದಪ್ಪವಾಗುತ್ತದೆ. ಕೊನೆಗೆ ಸ್ಲೀವ್ ಹಾಕಿಸಬೇಕು. ಅದಕ್ಕೆ ಬಲ್ಲ ಮೇಸ್ತ್ರಿ ಬೋರ್ ಹೊಡೆಸಿ ಅನ್ನಲು ಹಿಂದೆಮುಂದೆ ನೋಡುತ್ತಾನೆ. ಬಾರದವನು ಅದನ್ನೇ ಮೊದಲು ಹೇಳುತ್ತಾನೆ.

*

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೇಸೇ ಪಂಪು. ಪೆಟ್ರೋಲ್, ಗಾಳಿ, ಆಯಿಲ್ ಮೊದಲು ಅಲ್ಲಿಗೆ ಬಂದು, ಒತ್ತಡ ಪಡೆದು, ಮೇಲಕ್ಕೆ ಹೋಗುತ್ತವೆ. ಆ ಒತ್ತಡವನ್ನು ಕಾಯುವುದು ಎರಡು ರಬ್ಬರ್ ಸೀಲುಗಳು. ಕ್ಲಚ್ ಕಡೆಯದು ಹೋದರೆ ಎಂಜಿನ್ ಗೇರ್ ಆಯಿಲನ್ನೂ ಹೀರಿ ಬೀದಿ ತುಂಬ ಬಿಳಿ ಹೊಗೆ. ಮ್ಯಾಗ್ನೆಟ್ ಕಡೆಯದು ಹೋದರೆ ಹೊರಗಿನ ಗಾಳಿ ನುಗ್ಗಿ, ಆಯಿಲ್ ಸಾಲದೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹೊಗೆ ಹಾಕುವ ಗಾಡಿಯನ್ನು ಜನ ಬೈಯುತ್ತಾರೆ. ಸದ್ದಿಲ್ಲದೆ ಸಾಯುತ್ತಿರುವುದು ಎರಡನೆಯದು.

ದುಬಾರಿ ಬಣ್ಣ ಬಳಿಸಿ, ಕ್ರೋಮ್ ಹಾಕಿಸಿ, ಸೀಟು ಹೊಲಿಸಿ, ಸೀಲನ್ನು ಮಾತ್ರ ಹಳೆಯದೇ ಇರಲಿ ಅನ್ನುವವರಿದ್ದಾರೆ. ಸೀಲು ಫೋಟೊದಲ್ಲಿ ಕಾಣುವುದಿಲ್ಲ.

ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಆಯಿಲ್, ಅಂದರೆ ಇಪ್ಪತ್ತೈದಕ್ಕೆ ಒಂದು. ಹಳೆ ಜಾವಾಕ್ಕೆ ಹಾಕುತ್ತಾ ಬಂದ ಲೆಕ್ಕ ಇದು. ಇನ್ನೂ ಸ್ವಲ್ಪ ಆಯಿಲ್ ಹೆಚ್ಚಿಗೆ ಹೋದರೆ ಎಂಜಿನ್ನಿಗೆ ಒಳ್ಳೆಯದು ಅಂತ ಕೆಲವರು ಉದಾರವಾಗಿ ಸುರಿಯುತ್ತಾರೆ. ಆಯಿಲ್ ಹೆಚ್ಚಾದಷ್ಟೂ ಅದೇ ಜೆಟ್ಟಿನಲ್ಲಿ ಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ, ಸೈಲೆನ್ಸರಿನಲ್ಲಿ ಮಸಿ ಕಟ್ಟುತ್ತದೆ. ಅಳತೆ ಮೀರಿದ ಮುದ್ದು ಎಂಜಿನ್ನಿಗೂ ಆಗದು.

ಒಂದು ಕಾಲದಲ್ಲಿ ಪೆಟ್ರೋಲ್ ಬಂಕಿನಲ್ಲಿ ಟೂ ಟಿ ಆಯಿಲಿನ ಗಾಜಿನ ಪಂಪು ಇರುತ್ತಿತ್ತು. ಈಗ ‘ಆಯಿಲ್ ಹಾಕಿ’ ಅಂದರೆ ಬಂಕಿನ ಹುಡುಗ ಗಾಡಿಯನ್ನೂ ನಿಮ್ಮನ್ನೂ ಮೇಲಿಂದ ಕೆಳಗೆ ನೋಡುತ್ತಾನೆ. ಸೀಟಿನ ಕೆಳಗೆ ಒಂದು ಸಣ್ಣ ಬಾಟಲಿ, ಒಂದು ಅಳತೆ ಮುಚ್ಚಳ ಇಟ್ಟುಕೊಳ್ಳುವುದೇ ಸರಿ.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹಳೆ ರಬ್ಬರನ್ನು ಊದಿಸುತ್ತದೆ, ನಿಲ್ಲಿಸಿಟ್ಟ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಸರ್ಕಾರವನ್ನು ಬೈದರೆ ಕಾರ್ಬ್ಯುರೇಟರ್ ಕ್ಲೀನ್ ಆಗುವುದಿಲ್ಲ. ಪೈಪು, ವಾಷರುಗಳನ್ನು ಬದಲಾಯಿಸಿ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಪೆಟ್ರೋಲ್ ಬಂದ್ ಮಾಡಿ, ಕಾರ್ಬ್ಯುರೇಟರ್ ಬಟ್ಟಲು ಖಾಲಿಯಾಗಿ ಎಂಜಿನ್ ತಾನೇ ನಿಲ್ಲುವವರೆಗೂ ಓಡಿಸಿ.

ಜೆಟ್ಟಿಗೆ ಕಸ ಸಿಕ್ಕಿದರೆ ಗಾಳಿ ಹೊಡೆಯಿರಿ. ತಂತಿ ಹಾಕಬೇಡಿ. ಹಿತ್ತಾಳೆ ಮೆತ್ತಗಿನ ಲೋಹ. ಕೂದಲೆಳೆಯಷ್ಟು ಅಗಲವಾದರೂ ಸಾಕು, ಮೇಲೆ ಕೆತ್ತಿದ ನಂಬರ್ ಸುಳ್ಳಾಗುತ್ತದೆ.

*

ಟೂ ಸ್ಟ್ರೋಕ್ ಗಾಡಿಯ ಹೊಗೆಯ ವಾಸನೆ ಇಷ್ಟ ಅನ್ನುವುದು ನಿಜ. ಅದರಿಂದೇನೂ ಆಗಲ್ಲ ಅನ್ನುವುದು ಸುಳ್ಳು. ಟೂ ಸ್ಟ್ರೋಕ್ ಎಂಜಿನ್ ತಾನು ಹೀರಿದ ಪೆಟ್ರೋಲಿನಲ್ಲಿ ಒಂದಷ್ಟನ್ನು ಉರಿಸದೆಯೇ ಸೈಲೆನ್ಸರಿಗೆ ಸಾಗಹಾಕುತ್ತದೆ, ಆಯಿಲನ್ನಂತೂ ಉರಿಸಿಯೇ ಬದುಕುತ್ತದೆ. ಊರಿನ ಗಾಡಿಗಳೆಲ್ಲ ಹಾಗಿದ್ದಿದ್ದರೆ ಉಸಿರಾಡುವುದು ಕಷ್ಟವಾಗುತ್ತಿತ್ತು. ನಮ್ಮ ಹವ್ಯಾಸ ನಡೆಯುತ್ತಿರುವುದು ಉಳಿದವರು ಅದನ್ನು ಬಿಟ್ಟದ್ದರಿಂದ.

*

ಕ್ರೋಮಿನ ಹೊಳಪು ಕ್ರೋಮಿನದಲ್ಲ. ಮೊದಲು ಬಫಿಂಗ್, ಆಮೇಲೆ ತಾಮ್ರ, ಅದರ ಮೇಲೆ ನಿಕ್ಕಲ್, ಎಲ್ಲಕ್ಕಿಂತ ಮೇಲೆ ಕ್ರೋಮಿನ ತೀರಾ ತೆಳು ಪದರ. ಬಫಿಂಗಿನಲ್ಲಿ ಉಳಿದ ಗೀರನ್ನು ಯಾವ ಪದರವೂ ಮುಚ್ಚುವುದಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬಫಿಂಗ್ ಚಕ್ರದ ಮುಂದೆ ನಿಲ್ಲುವ ಆಳಿನ ಕೂಲಿ, ಇಷ್ಟೂ ಕೆಲಸದಲ್ಲಿ ಎಲ್ಲಕ್ಕಿಂತ ಕಡಿಮೆ.

ಮದ್ರಾಸಿನ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಟ್ಯಾಂಕಿನ ಮೇಲಿನ ಚಿನ್ನದ ಗೆರೆಯನ್ನು ಕೈಯಲ್ಲೇ ಎಳೆಯುತ್ತಿದ್ದರು. ಕುಂಚದ ಎಳೆ ಉದ್ದ, ಉಸಿರು ಬಿಗಿ, ಕೈ ಓಡಿದ್ದೇ ಗೆರೆ. ಕೈಗೆರೆಯಲ್ಲಿ ಎಲ್ಲೋ ಒಂದು ಕಡೆ ದಪ್ಪ ಹೆಚ್ಚುಕಡಿಮೆ ಇರುತ್ತದೆ. ಸ್ಟಿಕ್ಕರ್ ಅಂಟಿಸಿ ಅದನ್ನು ‘ಸರಿ’ ಮಾಡುವವರನ್ನು ನಾನು ಕ್ಷಮಿಸುವುದಿಲ್ಲ.

ಟ್ಯಾಂಕಿನ ಪಕ್ಕದಲ್ಲಿ ಮಂಡಿ ಉಜ್ಜಿ ಉಜ್ಜಿ ಬಣ್ಣ ಮಾಸಿರುತ್ತದೆ. ಆ ಜಾಗಕ್ಕೆ ಬಣ್ಣ ಬಳಿಯುವ ಮುನ್ನ ಒಂದು ದಿನ ಬಿಟ್ಟು ಯೋಚಿಸಿ. ತುಕ್ಕು ಇದ್ದರೆ ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ; ಸವೆತಕ್ಕೆ ಅಂಥ ತುರ್ತೇನಿಲ್ಲ.

ಜೆಕ್ ಕ್ಯಾಟಲಾಗ್ ನೋಡಿ ರಿಸ್ಟೋರ್ ಮಾಡುವವರು ಮೊದಲು ಬಿಚ್ಚಿ ಎಸೆಯುವುದು ಸೀರೆ ಗಾರ್ಡನ್ನು. ಪ್ರಾಗಿನ ಗಾಡಿಗೆ ಅದು ಇರಲಿಲ್ಲ, ನಿಜ. ಆದರೆ ಈ ಗಾಡಿ ಪ್ರಾಗಿನಲ್ಲಿ ಓಡಿದ್ದಲ್ಲ. ಒಂದು ಪಕ್ಕಕ್ಕೆ ಕೂತು, ಮಡಿಲಲ್ಲಿ ಮಗು ಇಟ್ಟುಕೊಂಡು, ನಂಜನಗೂಡಿನ ತೇರಿಗೆ ಹೋಗಿ ಬಂದ ಹೆಂಗಸರ ಗುರುತು ಆ ಗಾಡಿಯ ಮೇಲೆ ಉಳಿದಿರುವುದು ಆ ಕಂಬಿಯಲ್ಲೇ. ಒರಿಜಿನಲ್ ಅನ್ನುವ ಹಟದಲ್ಲಿ ಅದನ್ನೇ ಗುಜರಿಗೆ ಹಾಕುತ್ತೇವೆ.

*

1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ಇಂಗ್ಲೆಂಡಿನ ಮೂಲ ಕಂಪನಿ 1970ರ ಸುಮಾರಿಗೆ ಮುಚ್ಚಿಹೋಯಿತು. 1977ರಲ್ಲಿ ಮದ್ರಾಸಿನ ಬುಲೆಟ್ ಇಂಗ್ಲೆಂಡಿಗೇ ರಫ್ತಾಯಿತು. ಕಾರ್ಖಾನೆಗಳ ಚರಿತ್ರೆಯಲ್ಲಿ ಯಾರು ಯಾರಿಗೆ ಕಲಿಸಿದರು ಅನ್ನುವ ಲೆಕ್ಕ ಬೇಗ ತಲೆಕೆಳಗಾಗುತ್ತದೆ.

ಹಳೆ ಬುಲೆಟ್ಟಿಗೆ ಬಲಗಾಲಲ್ಲಿ ಗೇರ್, ಎಡಗಾಲಲ್ಲಿ ಬ್ರೇಕ್. ಮನೆಯಲ್ಲಿ ಹಳೆ ಬುಲೆಟ್ಟೂ ಹೊಸ ಗಾಡಿಯೂ ಇದ್ದವನು ಹೊರಡುವ ಮುನ್ನ ಒಂದು ಕ್ಷಣ ಸುಮ್ಮನೆ ಕೂತಿರುತ್ತಾನೆ. ಪ್ರಾರ್ಥನೆ ಮಾಡುತ್ತಿದ್ದಾನೆ ಅಂದುಕೊಳ್ಳಬೇಡಿ. ಕಾಲುಗಳಿಗೆ ನೆನಪು ಮಾಡುತ್ತಿದ್ದಾನೆ.

1983ರಲ್ಲಿ ಬಂದ ರಾಜದೂತ್ 350 ಪೆಟ್ರೋಲ್ ಕುಡಿಯುತ್ತದೆ ಅಂತ ಜನ ದೂರ ಇಟ್ಟರು. ಇವತ್ತು ಅದಕ್ಕಾಗಿ ಊರೂರು ಅಲೆಯುತ್ತಾರೆ. ಅದು ಈಗಲೂ ಅಷ್ಟೇ ಪೆಟ್ರೋಲ್ ಕುಡಿಯುತ್ತದೆ.

ಯಮಹಾ ಆರ್‌ಎಕ್ಸ್ 100 ನಿಂತದ್ದೂ 1996ರಲ್ಲೇ, ಯಾದವಗಿರಿ ಬಾಗಿಲು ಹಾಕಿದ ವರ್ಷ. ಕಾಲೇಜು ಹುಡುಗರು ಚಿಲ್ಲರೆ ಕಾಸಿಗೆ ಕೈ ಬದಲಿಸುತ್ತಿದ್ದ ಆ ಗಾಡಿ ಚೆನ್ನಾಗಿದ್ದರೆ ಈಗ ಲಕ್ಷ ದಾಟುತ್ತದೆ. ಬೆಲೆ ಏರಿದ ಮೇಲೆ ಗಾಡಿಗೆ ಬೀಗ ಬಿತ್ತು, ಕವರ್ ಬಿತ್ತು, ರಸ್ತೆ ತಪ್ಪಿತು.

2018ರಲ್ಲಿ ಜಾವಾ ಅನ್ನುವ ಹೆಸರು ಮತ್ತೆ ಬಂತು, 2022ರಲ್ಲಿ ಯೆಜ್ಡಿಯೂ ಬಂತು. ಗಾಡಿ ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ, ಎಂಜಿನ್ ಫೋರ್ ಸ್ಟ್ರೋಕ್. ಒಳ್ಳೆಯ ಗಾಡಿಯೋ ಅಲ್ಲವೋ ಅದು ಬೇರೆ ಮಾತು. ಮೈಸೂರಿನ ಹಳಬರು ಶೋರೂಮಿಗೆ ಹೋಗಿ, ಸ್ಟಾರ್ಟ್ ಮಾಡಿಸಿ, ಸದ್ದು ಕೇಳಿ, ಕಾಫಿ ಕುಡಿದು ವಾಪಸ್ ಬಂದರು.

*

ಬಿಡಿಭಾಗಗಳ ಅಂಗಡಿಯಲ್ಲಿ ‘ಒರಿಜಿನಲ್’ ಅನ್ನುವುದಕ್ಕೆ ಮೂರು ದರ್ಜೆ: ಒರಿಜಿನಲ್, ಒರಿಜಿನಲ್ ಥರ, ಒರಿಜಿನಲ್ಲಿಗಿಂತ ಚೆನ್ನಾಗಿರೋದು. ಮೂರನೆಯದನ್ನು ಕೊಳ್ಳಬೇಡಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಇಲ್ಲ ಅನ್ನುತ್ತಾರೆ. ಶಿವಾಜಿನಗರದ ಗುಜರಿಯಲ್ಲಿ ಕೇಳಿದರೆ ನಾಳೆ ಬನ್ನಿ ಅನ್ನುತ್ತಾರೆ. ಹವ್ಯಾಸಿ ಬದುಕುವುದು ಎರಡನೆಯ ಉತ್ತರದ ಮೇಲೆ.

ಒಬ್ಬನ ಗಾಡಿ ಮತ್ತೆ ರಸ್ತೆಗೆ ಬರಬೇಕಾದರೆ ಬಹಳ ಸಲ ಇನ್ನೊಂದು ಗಾಡಿ ಬಿಡಿಬಿಡಿಯಾಗಬೇಕು. ಆ ಎರಡನೆಯ ಗಾಡಿಗೂ ಒಬ್ಬ ಅಪ್ಪ ಇದ್ದ.

ಟ್ಯಾಂಕ್ ಬದಲಾಯಿತು, ಎಂಜಿನ್ನಿನ ಒಳಗೆಲ್ಲ ಹೊಸತಾಯಿತು, ಚಕ್ರ ಬೇರೆ, ಸೀಟು ಬೇರೆ. ಹಾಗಾದರೆ ಇದು ಅದೇ ಗಾಡಿಯೇ? ತತ್ವಜ್ಞಾನಿಗಳು ತಲೆ ಕೆಡಿಸಿಕೊಳ್ಳಲಿ. ಆರ್‌ಟಿಓ ಇನ್‌ಸ್ಪೆಕ್ಟರ್ ಬಗ್ಗಿ, ಚಾಸಿ ನಂಬರಿನ ಮೇಲಿನ ಗ್ರೀಸ್ ಒರೆಸಿ, ಪೆನ್ಸಿಲ್ ಉಜ್ಜಿ ತೀರ್ಪು ಕೊಡುತ್ತಾರೆ. ಅದಕ್ಕೇ ಯಾವ ಕಾರಣಕ್ಕೂ ಆ ನಂಬರಿನ ಮೇಲೆ ಎಮರಿ ಕಾಗದ ಆಡಿಸಬೇಡಿ, ಪುಟ್ಟಿ ಮೆತ್ತಬೇಡಿ.

1989ಕ್ಕೆ ಮುಂಚಿನ, ಎಂವೈ ಎಂದೋ ಸಿಎ ಎಂದೋ ಶುರುವಾಗುವ ನಂಬರ್ ಪ್ಲೇಟ್ ಗಾಡಿಯ ಅರ್ಧ ಅಂದ. ಉಳಿಸಿಕೊಳ್ಳಿ. ಆದರೆ ಅದರ ಹಿಂದೆ ಜೀವಂತ ದಾಖಲೆ ಇರಲಿ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಲೇಬೇಕು. ಪ್ಲೇಟು ಎಷ್ಟು ಚೆಂದವಿದ್ದರೂ ಪೊಲೀಸರು ಕೇಳುವುದು ಕಾಗದ.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ನೋಂದಣಿಗೆ 20,000 ರೂಪಾಯಿ, 10 ವರ್ಷ ಚಾಲ್ತಿ, ನಂಬರಿನಲ್ಲಿ ವಿಎ ಅನ್ನುವ ಅಕ್ಷರ. ಇನ್ನೊಂದು ಷರತ್ತು, ರಸ್ತೆಯಲ್ಲಿ ದಿನಬಳಕೆಗೆ ಓಡಿಸುವ ಹಾಗಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಮಾತ್ರ. ಮ್ಯೂಸಿಯಮ್ಮಿಗೆ ಯೋಗ್ಯವಾದ ಗಾಡಿಗಳಿಗೆ ಇದು ಒಳ್ಳೆಯ ಕಾನೂನು. ಆದರೆ ನನ್ನ ಓಟು ಯೆಜ್ಡಿಯ ಎರಡೂ ಕಡೆ ಹಾಲಿನ ಕ್ಯಾನ್ ನೇತುಹಾಕಿಕೊಂಡು ಡೈರಿಗೆ ಹೋಗುವವನಿಗೆ.

*

ನ್ಯೂಜಿಲೆಂಡಿನ ಬರ್ಟ್ ಮನ್ರೊ 1920ರ ಇಂಡಿಯನ್ ಸ್ಕೌಟ್ ಗಾಡಿಯೊಂದನ್ನು ಬದುಕಿಡೀ ಬಿಚ್ಚಿದ, ಜೋಡಿಸಿದ. ಪಿಸ್ಟನ್ನುಗಳನ್ನು ತಾನೇ ಎರಕ ಹೊಯ್ದ. 1967ರಲ್ಲಿ, ತನ್ನ 68ನೇ ವಯಸ್ಸಿನಲ್ಲಿ, ಅಮೆರಿಕದ ಬೊನೆವಿಲ್ ಉಪ್ಪುಬಯಲಲ್ಲಿ ಅದೇ ಗಾಡಿಯನ್ನು ಗಂಟೆಗೆ 183 ಮೈಲಿಗೂ ಮೀರಿ ಓಡಿಸಿ ದಾಖಲೆ ಮಾಡಿದ. ದಾಖಲೆಗಿಂತ ನನಗೆ ಇಷ್ಟವಾಗುವುದು ಅವನ ಶೆಡ್ಡಿನ ಒಂದು ಕಪಾಟು. ಸುಟ್ಟ ಪಿಸ್ಟನ್, ಮುರಿದ ಕನೆಕ್ಟಿಂಗ್ ರಾಡುಗಳನ್ನು ಅದರಲ್ಲಿ ಸಾಲಾಗಿ ಜೋಡಿಸಿ, ವೇಗದ ದೇವರಿಗೆ ಕಾಣಿಕೆ ಅಂತ ಬರೆದಿಟ್ಟಿದ್ದ.

ಒಳ್ಳೆಯ ಗ್ಯಾರೇಜಿನಲ್ಲಿ ಗೋಡೆ ಮೇಲೆ ಸರ್ಟಿಫಿಕೇಟ್ ಇರುವುದಿಲ್ಲ. ಮೂಲೆಯಲ್ಲಿ ಮುರಿದ ಭಾಗಗಳ ಒಂದು ಡಬ್ಬ ಇರುತ್ತದೆ. ಏನು, ಯಾವಾಗ, ಯಾಕೆ ಮುರಿಯಿತು ಅಂತ ಕೇಳಿ ನೋಡಿ. ಅರ್ಧ ದಿನ ಹೋಗುತ್ತದೆ.

*

ಯಾದವಗಿರಿಯ ಕಾರ್ಖಾನೆ ಮುಚ್ಚಿದ ಮೇಲೆ ಅಲ್ಲಿ ದುಡಿದ ಕೆಲವರು ಸಣ್ಣ ಸಣ್ಣ ಗ್ಯಾರೇಜು ಇಟ್ಟರು. ಡ್ರಾಯಿಂಗುಗಳು ಕಡತದಲ್ಲಿ ಉಳಿದವು, ಅಳತೆಗಳು ಇವರ ಕೈಯಲ್ಲಿ ಹೊರಬಂದವು. ಇವತ್ತು ಓಡುತ್ತಿರುವ ಎಷ್ಟೋ ಯೆಜ್ಡಿಗಳು ಅವರ ಪಿಂಚಣಿ.

ಟ್ಯಾಂಕಿನ ಬ್ಯಾಡ್ಜಿಗೆ ಕೇಳಿದಷ್ಟು ಕೊಡುತ್ತೇವೆ. ಮೂರು ದಿನ ಬಗ್ಗಿ ಕೂತವನ ಲೇಬರ್ ಚಾರ್ಜಿಗೆ ‘ಸ್ವಲ್ಪ ನೋಡ್ಕೊಂಡು ಹೇಳಿ’ ಅನ್ನುತ್ತೇವೆ. ಹವ್ಯಾಸದ ಲೆಕ್ಕಪುಸ್ತಕದಲ್ಲಿ ನಾಚಿಕೆಯಾಗಬೇಕಾದ ಸಾಲು ಇದೊಂದೇ.

ಗ್ಯಾರೇಜಿನಲ್ಲಿ ಸ್ಪ್ಯಾನರ್ ಎತ್ತಿಕೊಡುವ ಎಳೆ ಹುಡುಗರು ಈಗ ಕಾಣುವುದಿಲ್ಲ. ಶಾಲೆಗೆ ಹೋಗುತ್ತಿದ್ದಾರೆ, ಹೋಗಬೇಕಾದ್ದೇ. ಹದಿನೆಂಟು ತುಂಬಿ ಐಟಿಐ ಮುಗಿಸಿ ಬರುವವನಿಗೆ ಕಾರ್ಬ್ಯುರೇಟರಿಗಿಂತ ಸ್ಕ್ಯಾನರ್ ಮೊದಲ ಪರಿಚಯ. ನಡುವೆ ಒಂದು ವಿದ್ಯೆ ವಾರಸುದಾರರಿಲ್ಲದೆ ಕೂತಿದೆ. ಹಳೆ ಗಾಡಿಗಳ ಕ್ಲಬ್ಬುಗಳು ಟೀ ಶರ್ಟ್ ಹೊಲಿಸುವ ದುಡ್ಡಿನಲ್ಲಿ ಒಬ್ಬ ಹುಡುಗನಿಗೆ ಆರು ತಿಂಗಳು ಸಂಬಳ ಕೊಟ್ಟು, ಹಳೆ ಮೇಸ್ತ್ರಿಯ ಪಕ್ಕ ಕೂರಿಸಬಹುದು. ನಾನು ನೋಡಿದ ಮಟ್ಟಿಗೆ ಟೀ ಶರ್ಟೇ ಗೆಲ್ಲುತ್ತಿದೆ.

*

ಜುಲೈ ತಿಂಗಳ ಎರಡನೇ ಭಾನುವಾರ ಅಂತರರಾಷ್ಟ್ರೀಯ ಜಾವಾ ದಿನ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಸಾಲುಸಾಲು ಗಾಡಿ ನಿಲ್ಲುತ್ತವೆ. ಟ್ರೇಲರಿನಲ್ಲಿ ಬಂದು ಇಳಿದ ಗಾಡಿಯ ಸುತ್ತ ಫೋಟೊ ತೆಗೆಯುವವರ ಗುಂಪು. ಮಡ್‌ಗಾರ್ಡಿಗೆ ದಾರಿಯ ಕೆಸರು ಮೆತ್ತಿಕೊಂಡು ಬಂದ ಗಾಡಿಯ ಹತ್ತಿರ ಇಬ್ಬರೋ ಮೂವರೋ. ನೀವು ಆ ಮೂವರ ಹತ್ತಿರ ಹೋಗಿ, ಕಲಿಯುವುದು ಅಲ್ಲಿದೆ.

ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಹಾಳಾಗುತ್ತದೆ. ಸೀಲು ಒಣಗುತ್ತದೆ, ಪೆಟ್ರೋಲ್ ಅಂಟಾಗುತ್ತದೆ, ಬ್ಯಾಟರಿ ಸಾಯುತ್ತದೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತದೆ. ಸವೆದೀತು ಅಂತ ಓಡಿಸದವನ ಗಾಡಿ ಓಡದೆಯೇ ಸವೆದಿರುತ್ತದೆ.

ರಿಸ್ಟೋರ್ ಮಾಡುವುದಕ್ಕೆ ಚಪ್ಪಾಳೆ ಸಿಗುತ್ತದೆ. ಚೈನಿಗೆ ಎಣ್ಣೆ ಬಿಟ್ಟು, ಬ್ರೇಕ್ ಕೇಬಲ್ ನೋಡಿ, ಸ್ಪೋಕ್ ಬಿಗಿ ಮಾಡಿದ ಭಾನುವಾರಗಳಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಗಾಡಿಯನ್ನು ಓಡಿಸುತ್ತಿರುವುದು ಆ ಭಾನುವಾರಗಳು.

*

ಇದನ್ನು ಓದುತ್ತಿರುವ ಯಾರದಾದರೂ ಮನೆಯ ಹಿತ್ತಲಲ್ಲಿ, ದನದ ಕೊಟ್ಟಿಗೆಯಲ್ಲಿ, ಟಾರ್ಪಾಲಿನ ಕೆಳಗೆ ಹಳೆ ಜಾವಾ, ಯೆಜ್ಡಿ, ಬುಲೆಟ್, ರಾಜದೂತ್ ಇದ್ದರೆ, ಗುಜರಿಯವನು ಬರುವ ಮುನ್ನ ಒಂದಿಷ್ಟು ಮಾಡಿ. ಆರ್‌ಸಿ ಪುಸ್ತಕ ಹುಡುಕಿಡಿ. ಹುಮ್ಮಸ್ಸಿನಲ್ಲಿ ಕಿಕ್ ಹೊಡೆಯಬೇಡಿ; ಒಳಗೆ ರಿಂಗು ಅಂಟಿಕೊಂಡಿರಬಹುದು. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ನಾಲ್ಕು ಚಮಚ ಎಣ್ಣೆ ಬಿಟ್ಟು, ಎರಡು ದಿನ ಹಾಗೇ ಇಡಿ. ಹಳೆ ಪೆಟ್ರೋಲನ್ನು ಪೂರ್ತಿ ಬಸಿಯಿರಿ. ಆಮೇಲೆ ಗೇರಿನಲ್ಲಿ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಹಿಂದೆಮುಂದೆ ಆಡಿಸಿ. ಎಂಜಿನ್ ತಿರುಗಿದರೆ ಊರಿನ ಹಳೆ ಮೇಸ್ತ್ರಿಯನ್ನು ಮನೆಗೇ ಕರೆಸಿ, ಕೇಳಿದಷ್ಟು ಕೂಲಿ ಕೊಡಿ. ಮನೆಯಲ್ಲಿ ಓದುವ ಮಗಳೋ ಮಗನೋ ಇದ್ದರೆ ಅವತ್ತು ಮೇಸ್ತ್ರಿಯ ಪಕ್ಕದಲ್ಲಿ ಕೂರಿಸಿ.